ಷರಾ

ತಿಂಗಳ ಎರಡನೇ ಐತವಾರ, ಮಧ್ಯಾಹ್ನ ಮೂರಕ್ಕ,
ಯಾದಗಿರಿ ಸ್ಟೇಷನ್ ರಸ್ತೆ, ಬೀಜದಂಗಡಿ ಮ್ಯಾಲಿನ ಖೋಲಿ.
ಕೀಲಿ ನನ್ನ ಹತ್ರ, ರೊಕ್ಕದ ಲೆಕ್ಕ ನನ್ನ ಹತ್ರ,
ಬಾರದವರಿಗೆ ಫೋನ್ ಹಚ್ಚೋದೂ ನಂದೇ ಕೆಲಸ.
‘ಬಂದೆ ಅಕ್ಕೋರೆ, ಹೊಳಿ ಬ್ರಿಜ್ ಮ್ಯಾಲ ಅದೀನಿ’ ಅಂತಾರ;
ಹಿಂದ ಕುಕ್ಕರ್ ಸೀಟಿ ಕೇಳಸ್ತದ.

ಬಳಗ ಶುರುವಾದಾಗ ಮೂವತ್ತೊಂದು ಮಂದಿ.
ಫೋಟೋಕ್ಕ ಜಾಗ ಸಾಲದೆ
ಇಬ್ಬರು ಪಾವಟಿಗಿ ಮ್ಯಾಲ ಕುಂತಿದ್ರು.
ಈಗ ಆರು.
ವಿಜ್ಞಾನ ಬರೀತೀವಂತ ಬಂದವರೊಳಗ
ಕೆಲವರಿಗೆ ಶಾಲು ಬೇಕಿತ್ತು, ಕೆಲವರಿಗೆ ಪ್ರಮಾಣಪತ್ರ,
ಒಬ್ಬಾತಗ ಜ್ಯೋತಿಷ್ಯವೂ ವಿಜ್ಞಾನ ಅಂತ ಠರಾವು ಬೇಕಿತ್ತು.
ಆತ ಎದ್ದು ಹೋಗುವಾಗ ಒಂದು ಖುರ್ಚಿ ಮುರೀತು.
ಸಿಟ್ಟಿಗೋ, ಮೈಭಾರಕ್ಕೋ, ಇನ್ನೂ ತೀರ್ಮಾನ ಆಗಿಲ್ಲ.

ಉಳಿದವರೊಳಗ ಬಿಲ್ಕೀಸ್, ಜಿಲ್ಲಾ ಆಸ್ಪತ್ರೆ ಲ್ಯಾಬಿನಾಕಿ,
ಒಂದೊಂದು ವಾಕ್ಯ ಬರದು
ಗಾಜಿನ ಪಟ್ಟಿ ಒರಸಿದಂಗ ಒರಸಿ ನೋಡ್ತಾಳ.
ರಾಚಪ್ಪ ಮಾಸ್ತರಿಗೆ ಒಂದು ಶಬ್ದಕ್ಕ ಎರಡು ತಾಸು.
ಅವರು ಕಟ್ಟಿದ ಪಾರಿಭಾಷಿಕ ಪದ ಪೂರಾ ಹೇಳಬೇಕಂದ್ರ
ನಡುವ ಒಮ್ಮೆ ನೀರು ಕುಡೀಬೇಕು.

ಈ ಸಲ ವಡಗೇರಾದ ಲೈನ್‌ಮನ್ ಸಾಬಣ್ಣ
ಸಿಡಿಲಿನ ಮ್ಯಾಲ ಬರದು ತಂದಿದ್ದ, ಮೂರು ಹಾಳಿ,
ಬಿಲ್ ಬುಕ್ಕಿನ ಹಿಂಬದಿ, ಕಾರ್ಬನ್ ನೀಲಿ ಹತ್ತಿದ್ದು.
ಮೋಡದಾಗ ಆವೇಶ ಹೆಂಗ ಕೂಡ್ತದ, ನೆಲ ಹೆಂಗ ಕರೀತದ,
ಎಲ್ಲ ಖರೆ, ಎಲ್ಲ ಚೊಕ್ಕ.
ಕಡೀ ಸಾಲು: ಗಿಡದ ಬುಡಕ ನಿಲ್ಲಬ್ಯಾಡ್ರಿ.
ಚಪ್ಪಾಳಿ ಹೊಡದ್ವಿ.
‘ಆವೇಶ’ದ ಮುಂಚೆ ‘ವಿದ್ಯುತ್’ ಇರಲಿ ಅಂದ್ರು ಮಾಸ್ತರು,
ಇಲ್ಲಂದ್ರ ಮೋಡಕ್ಕ ಮೈಮ್ಯಾಲ ದೇವರು ಬಂದಂಗ ಆಗ್ತದ.

ಚಾ ತಂದ ಚಾಂದಪಾಶಾ
ಕೆಟಲಿ ಹಿಡಕೊಂಡು ಬಾಗಲದಾಗೇ ನಿಂತಿದ್ದ.
‘ಗಿಡದ ಕೆಳಗ ಬ್ಯಾಡ. ಹಂಗಾರ ಎಲ್ಲಿ ನಿಲ್ಲಬೇಕ್ರಿ?
ನಮ್ಮ ಮಾಮಾ ಎರಿ ಹೊಲದಾಗ ಆಡು ಕಾಯ್ತಾನ.
ಕಣ್ಣು ಹೋಗೋ ತನಕ ಅಂವನೇ ಎತ್ತರ.’

ಪಂಖಾದ ಸಪ್ಪಳ.
ಮೂರು ವರ್ಷದಾಗ ಯಾರೂ ನಮ್ಮನ್ನ ಕೇಳಿರಲಿಲ್ಲ,
ಓದಿ ಮುಗಿಸಿದ ಮ್ಯಾಲ ಕಾಲು ಎಲ್ಲಿಡಬೇಕು ಅಂತ.

ಸಾಬಣ್ಣ ಎದ್ದ. ಖೋಲಿ ನಡುವ, ಪರಸಿ ಮ್ಯಾಲ,
ಕುಕ್ಕರಗಾಲಲೆ ಕುಂತ, ಎರಡೂ ಪಾದ ಜೋಡಿಸಿ,
ತಲಿ ಮೊಣಕಾಲಾಗ ಹಾಕಿ.
ಮಾತು ಅಲ್ಲಿಂದಲೇ ಬಂತು:
‘ತಂತಿ ಹರದು ಬಿದ್ದಲ್ಲಿ ನಾವು ಕಾಲು ಅಗಲಸಂಗಿಲ್ಲ.
ನೆಲದಾಗಿನ ಕರೆಂಟು ಒಂದು ಪಾದದಾಗ ಏರಿ ಇನ್ನೊಂದರಾಗ ಇಳೀತದ.
ಆಡಿಗೆ ನಾಕು ಕಾಲು, ನಡುವ ಮೊಳ ನೆಲ.
ಅದಕ್ಕೇ ಅವು ಹಿಂಡಿಗೆ ಹಿಂಡು ಹೋಗ್ತಾವ.’
‘ಹಿಂಗ ಕುಂತ್ರ ಉಳೀತಾನ?’
‘ಉಳೀಬಹುದು. ಗ್ಯಾರಂಟಿ ಇಲ್ಲ.
ಗುಡುಗು ಕೇಳಿದ ಕೂಡಲೆ ಪಕ್ಕಾ ಮನಿ ಸೇರೋದು ಮೊದಲು.
ಇದು, ಏನೂ ಇಲ್ಲದಾಗ.’

‘ಇದನ್ನ ಯಾಕ ಬರೀಲಿಲ್ಲೋ?’ ಅಂದೆ.
‘ಇದು ವಿಜ್ಞಾನ ಅಂತ ಗೊತ್ತಿರಲಿಲ್ರಿ ಅಕ್ಕೋರೆ.
ಇದು ಡ್ಯೂಟಿ.’

ಪಾದ ಪಾದದ ನಡುವಿನ ಆ ಹೊಡೆತಕ್ಕ ಶಬ್ದ ಹುಡುಕಿದ್ವಿ.
‘ಕಾಲಂತರ’ ಅಂದಳು ಬಿಲ್ಕೀಸ್.
ಮಾಸ್ತರು ಅಪರೂಪಕ್ಕ ನಕ್ಕರು:
‘ಅಚ್ಚಿನಾಂವ ಒಂದು ದೀರ್ಘ ಎಳದಂದ್ರ ಕಾಲಾಂತರ.
ಅಷ್ಟರಾಗ ಮನಷ್ಯಾ ಸತ್ತಿರ್ತಾನ.’
ಶಬ್ದ ಸಿಗಲಿಲ್ಲ. ಮುಂದಿನ ತಿಂಗಳಿಗೆ ಇಟ್ಟೀವಿ.
ಲೇಖನ ಮಾತ್ರ ತಿರುವಿ ಹಾಕಿ, ಮೊದಲ ಸಾಲು ಹೊಸದಾಗಿ ಬರದ್ವಿ:
ಕಣ್ಣು ಹೋಗೋ ತನಕ ನೀವೇ ಎತ್ತರ ಇದ್ದಾಗ…

ಚಾಂದಪಾಶಾಗ ಸಹಿ ಹಾಕು ಅಂದೆ.
ಉರ್ದು ಸಾಲಿ ಕಲಿತಾಂವ, ಬಲದಿಂದ ಶುರು ಮಾಡಿದ.
ನಮ್ಮ ಹಾಜರಿ ಪುಸ್ತಕದಾಗ ಬಲಕ್ಕಿರೋದು ‘ಷರಾ’ ಕಾಲಂ,
ಮೊದಲಿನಿಂದ ಖಾಲಿ.
ಈಗ ಅಲ್ಲಿ ಅವನ ಹೆಸರು ಕುಂತದ.

ಚಾ ಆರು, ಅರವತ್ತು ರೂಪಾಯಿ.
ತಾನು ಕುಡದದ್ದು ಲೆಕ್ಕಕ್ಕ ಹಿಡೀಲಿಲ್ಲ ಅಂವ.

ಕೀಲಿ ಹಾಕಿ ಇಳದಾಗ
ಕೋಟೆ ಗುಡ್ಡದ ಹಿಂದ ಕರ್ರಗ ಕವಿದಿತ್ತು.
ಆಟೋ ಕಾಯ್ತಾ ನಿಂತು, ಯಾರಿಗೂ ಕಾಣಲಾರದಂಗ,
ನಿರಿಗಿ ಒಳಗ ಪಾದ ಜೋಡಿಸಿದೆ.